ವನಜತ್ತಿಗೆಯ ರಾಜ ಎರಡನೇ ಸಲ ಹಾರಿದ್ದು

ಆ ಭಾನುವಾರ ಯಲಹಂಕದ ನಮ್ಮ ನಡುಮನೆಯಲ್ಲಿ ಐದೂ ಜನ ಇದ್ದೆವು. ಅಪ್ಪ ಚಾಪೆಯ ಮೇಲೆ ಚದುರಂಗದ ಹಲಗೆ ಇಟ್ಟುಕೊಂಡು ಎರಡೂ ಕಡೆ ತಾವೇ ಆಡುತ್ತಿದ್ದರು. ಅಣ್ಣ ಪೇಪರಿನ ಹಿಂದೆ. ಅಮ್ಮ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು, ಅವಳ ಪಕ್ಕಕ್ಕೆ ನಾನು. ಮದುವೆಯಾಗಿ ಬಂದು ಇನ್ನೂ ವರ್ಷ ತುಂಬದ ವನಜತ್ತಿಗೆ ಅಡಿಗೆಮನೆ ಬಾಗಿಲಲ್ಲಿ ನಿಂತಿದ್ದರು.

"ಹಾಲು ಉಕ್ಕಿದ್ರೆ ಇಳಿಸಮ್ಮ," ಅಂದಳು ಅಮ್ಮ.

"ಉಕ್ಕದಿದ್ರೆ, ಅತ್ತೆ?"

ಅಮ್ಮನ ಕೈ ಮೊರದಲ್ಲೇ ನಿಂತಿತು. ಅತ್ತಿಗೆ ಎದುರುಮಾತಾಡಿದ್ದಲ್ಲ, ನಿಜವಾಗಿಯೂ ತಿಳಿದುಕೊಳ್ಳುವುದಕ್ಕೇ ಕೇಳಿದ್ದರು. ಅವರ ಬುದ್ಧಿಯೇ ಹಾಗೆ. ಯಾರು ಏನು ಹೇಳಿದರೂ ಇನ್ನೊಂದು ದಾರಿ ಎಲ್ಲಿಗೆ ಹೋಗುತ್ತದೆ ಅಂತ ನೋಡದೆ ಅವರಿಗೆ ಸಮಾಧಾನವಿಲ್ಲ. ಗಣಿತದಲ್ಲಿ ಬಿ.ಎಸ್ಸಿ. ಮಾಡಿ, ಯಶವಂತಪುರದ ಕಡೆ ಒಂದು ಕಚೇರಿಗೆ ಆಗಷ್ಟೇ ಬಂದಿದ್ದ ಕಂಪ್ಯೂಟರಿಗೆ ರಟ್ಟಿನ ಕಾರ್ಡುಗಳಲ್ಲಿ ತೂತು ಹೊಡೆದು ಲೆಕ್ಕ ಹೇಳಿಕೊಡುವ ಕೆಲಸದಲ್ಲಿದ್ದರು. ಅರವತ್ತರ ದಶಕದ ಕೊನೆ ಅದು. ಕಂಪ್ಯೂಟರ್ ಅಂದರೆ ನಮ್ಮ ಬೀದಿಯವರಿಗೆ ಹಿಟ್ಟಿನ ಗಿರಣಿಯಂಥದ್ದೇ ಏನೋ ಒಂದು.

ಅಪ್ಪನಿಗೆ ಆ ಕೆಲಸ ಸುತರಾಂ ಹಿಡಿಸಿರಲಿಲ್ಲ. "ಸೊಸೆ ದಿನಾ ಬಸ್ ಹತ್ತಿ ಹೋಗಿ ರಟ್ಟಿಗೆ ತೂತು ಹೊಡ್ದು ಬರೋದು ಏನ್ ಕೆಲಸಾನಮ್ಮ? ಬಿಟ್ಬಿಡು," ಅಂದರು ಅವತ್ತೂ, ಕುದುರೆ ಎತ್ತಿಡುತ್ತಾ.

"ಆ ತೂತಲ್ಲೇ ನಿಮ್ಮ ಚದುರಂಗಾನೂ ಹಿಡಿಸ್ಬೋದು ಮಾವ."

ಅಪ್ಪ ನಕ್ಕುಬಿಟ್ಟರು. ಅವರು ಆಡುತ್ತಿದ್ದದ್ದು ಇಂಗ್ಲಿಷ್ ಚೆಸ್ ಅಲ್ಲ, ಅವರ ತಾತನಿಂದ ಬಂದ ದೇಶಿ ಆಟ. ಅದರಲ್ಲಿ ಕಾಲಾಳು ಯಾವಾಗಲೂ ಒಂದೇ ಮನೆ ನಡೆಯಬೇಕು. ರಾಜ ಮಾತ್ರ ಇಡೀ ಆಟದಲ್ಲಿ ಒಂದೇ ಒಂದು ಸಲ ಕುದುರೆಯ ಹಾಗೆ ಹಾರಬಹುದು. "ನಮ್ಮ ಕಟ್ಟಲೆ ಮನುಷ್ಯರಿಗೇ ತಿಳಿಯಲ್ಲ, ಇನ್ನು ಯಂತ್ರಕ್ಕೆ!"

"ಗೆಲ್ಲತ್ತೆ ಅನ್ನಲ್ಲ ಮಾವ. ಒಂದು ಆಟ ಪೂರ್ತಿ, ಕಟ್ಟಲೆ ತಪ್ಪಿದ ಒಂದೂ ನಡೆ ಇಡದೆ ಆಡತ್ತೆ."

"ಇಟ್ರೆ?"

"ಕೆಲಸ ಬಿಡ್ತೀನಿ."

ಅಣ್ಣನ ಪೇಪರು ಕೆಳಗಿಳಿಯಿತು. "ಮಾತು ಮಾತೇ," ಅಂದರು ಅಪ್ಪ. ಅಷ್ಟರಲ್ಲಿ ಹಾಲು ಉಕ್ಕಿತು.

ಮುಂದಿನ ಭಾನುವಾರ ಅತ್ತಿಗೆ ನಡುಮನೆಯ ತುಂಬ ಸೀಮೆಸುಣ್ಣದಲ್ಲಿ ಅರವತ್ನಾಲ್ಕು ಮನೆ ಎಳೆದು, ಒಂದೊಂದಕ್ಕೂ ಸಂಖ್ಯೆ ಹಾಕಿದರು. ಅಮ್ಮ ಆನೆ, ಅಣ್ಣ ಕುದುರೆ. ತಪ್ಪಿದ್ದರೆ ಮನೆಯಲ್ಲೇ ಸಿಗಲಿ ಅಂತ, ಯಂತ್ರಕ್ಕೆ ಬರೆದದ್ದನ್ನೇ ನಮಗೂ ಓದಿ ಹೇಳುವುದು, ನಾವು ಅಷ್ಟನ್ನೇ ಮಾಡುವುದು. ಸ್ವಂತ ಬುದ್ಧಿ ಉಪಯೋಗಿಸಬಾರದು.

"ಅತ್ತೆ, ನೇರ ಹೋಗ್ತಾ ಇರಿ. ಯಾರಾದ್ರೂ ಅಡ್ಡ ಬಂದ್ರೆ ನಿಲ್ಲಿ."

"ನಮ್ಮೋರೋ, ಆಚೆಯೋರೋ?"

"ನೋಡಿ, ಅತ್ತೆಗೆ ಎಷ್ಟು ಬೇಗ ಬಂತು! ನಮ್ಮೋರಾದ್ರೆ ಹಿಂದಿನ ಮನೇಲೇ ನಿಲ್ಲಿ. ಆಚೆಯೋರಾದ್ರೆ ಹೊಡ್ದು ಅವರ ಜಾಗದಲ್ಲೇ ನಿಲ್ಲಿ."

ಅಮ್ಮ ಸೆರಗು ಸಿಕ್ಕಿಸಿ ಖುಷಿಯಾಗಿ ಹೊರಟಳು. ಪೇಚಾದದ್ದು ಅಣ್ಣನಿಗೆ. ನಿಂತ ಮನೆಯ ಸಂಖ್ಯೆಗೆ ಹತ್ತು ಕೂಡಿಸಿ ಆ ಮನೆಗೆ ಹೋಗು ಅಂತ ಕುದುರೆಗೆ ಅಪ್ಪಣೆ: ಎಂಟಕ್ಕೆ ಒಂದು ಸಾಲು ಮುಂದೆ, ಉಳಿದೆರಡಕ್ಕೆ ಎರಡು ಮನೆ ಪಕ್ಕಕ್ಕೆ. ಬಚ್ಚಲ ಕಡೆಯ ಅಂಚಿನಲ್ಲಿದ್ದ ಅಣ್ಣ ಕೂಡಿಸಿ ನೋಡಿದರೆ, ಹೋಗಬೇಕಾದ ಮನೆ ಈಚೆ ತುದಿಯಲ್ಲಿ, ದೇವರ ಗೂಡಿನ ಕೆಳಗೆ!

"ಬಚ್ಚಲಿಂದ ಸೀದಾ ದೇವರ ಹತ್ರಕ್ಕೆ! ಇದ್ಯಾವ ಊರಿನ ಕುದುರೇನೇ?" ಅಂದ ಅಣ್ಣ.

ಅತ್ತಿಗೆ ಚಪ್ಪಾಳೆ ತಟ್ಟಿದರು. ತಪ್ಪು ಸಿಕ್ಕಿದರೆ ಹಬ್ಬ ಮಾಡುವ ಹೆಂಗಸನ್ನು ನಾನು ಬೇರೆ ಕಂಡಿಲ್ಲ. ಕೂತಲ್ಲೇ ಆ ಅರವತ್ನಾಲ್ಕು ಮನೆಗಳ ಸುತ್ತ, ಆಟಕ್ಕೆ ಸೇರದ ಮನೆಗಳ ಬೇಲಿಯೊಂದನ್ನು ಎಳೆದರು. ಬೇಲಿ ತಗುಲಿದರೆ ಕುದುರೆ ಆ ಕಡೆ ಹೋಗಬಾರದು. ಚಾಪೆಯ ಮೇಲಿಂದ ಅಪ್ಪ, "ಹೂಂ," ಅಂದರು.

ಆಟ ಶುರುವಾಯಿತು. ಬೆಳಗ್ಗೆ ಅಪ್ಪ ಒಂದು ನಡೆ ಇಡುವರು. ಊಟದ ಬಿಡುವಿನಲ್ಲಿ ಸಾಹೇಬರ ಅನುಮತಿ ಪಡೆದು ಅತ್ತಿಗೆ ಅದನ್ನು ಯಂತ್ರಕ್ಕೆ ಕೊಡುವರು. ಮಧ್ಯೆ ಬೇರೆ ಕೆಲಸ ಮಾಡುವ ಯಂತ್ರಕ್ಕೆ ನಿನ್ನೆಯದೊಂದೂ ನೆನಪಿರುತ್ತಿರಲಿಲ್ಲ. ಹಾಗಾಗಿ ಯಾವ ಕಾಯಿ ಯಾವ ಮನೆಯಲ್ಲಿದೆ ಅಂತ ದಿನಾ ಹೊಸದಾಗಿ ಕಾರ್ಡಿನಲ್ಲಿ ತೂತು ಹೊಡೆದು ತಿಳಿಸಬೇಕು. ಸಂಜೆ ಯಂತ್ರದ ನಡೆ ಅಚ್ಚಾದ ಚೀಟಿ ಹಿಡಿದು ಬರುವರು. ಬಸ್ ಸ್ಟ್ಯಾಂಡಿನ ಬೀಡಾ ಅಂಗಡಿಯವನೂ, "ಏನಮ್ಮಾ, ಮಿಸನ್ನು ಇವತ್ತು ಏನ್ ನಡೆಸ್ತು?" ಅಂತ ಕೇಳುವಷ್ಟು ಸುದ್ದಿಯಾಯಿತು. ಯಂತ್ರ ದಡ್ಡತನದಿಂದ ಆನೆ ಕಳೆದುಕೊಂಡಿತು, ಮಂತ್ರಿಯನ್ನೂ ಕಳೆದುಕೊಂಡಿತು. ಕಟ್ಟಲೆ ಮಾತ್ರ ಮೀರಲಿಲ್ಲ.

ಒಂದು ಸಂಜೆ ಅತ್ತಿಗೆ ಚಪ್ಪಲಿ ಬಿಟ್ಟವರೇ ಬಂದು ಚೀಟಿಯನ್ನು ಅಪ್ಪನ ಮುಂದಿಟ್ಟರು. ಅಪ್ಪ ಓದಿ, ರಾಜನನ್ನು ಎತ್ತಿ ಕುದುರೆಯ ಹಾಗೆ ಹಾರಿಸಿ ಇಟ್ಟರು. "ಪರವಾಗಿಲ್ವೇ! ತಪ್ಪಿಸ್ಕೊಂಡ."

"ತಪ್ಪಾಗಿದೆ ಮಾವ," ಅಂದರು ಅತ್ತಿಗೆ. ಮುಖ ಬಾಡಿತ್ತು. "ಅವನು ಹೋದ ವಾರವೇ ಒಂದ್ಸಲ ಹಾರಿದ್ದಾನೆ. ರಾಜ ಎಲ್ಲಿದ್ದಾನೆ ಅಂತ ಕಾರ್ಡಲ್ಲಿ ಹೇಳಿದ್ದೆ. ಹಾರೋದು ಮುಗಿದಿದೆ ಅಂತ ಹೇಳಿರ್ಲಿಲ್ಲ. ಬಸ್ಸಲ್ಲಿ ಹೊಳೀತು."

ಅಪ್ಪ ಹಲಗೆಯನ್ನೇ ದಿಟ್ಟಿಸುತ್ತ ಕೂತರು. ಆಮೇಲೆ ರಾಜನನ್ನು ಮೊದಲಿದ್ದ ಮನೆಗೇ ತಂದಿಟ್ಟರು.

"ಎದುರಿನೋರು ಹಿಡಿಯೋ ಮುಂಚೆ ತಾನಾಗೇ ಹೇಳಿದ್ರೆ ನಡೆ ವಾಪಸ್ಸು. ತಪ್ಪಿನ ಲೆಕ್ಕಕ್ಕೆ ಬರಲ್ಲ. ಇದೂ ನಮ್ಮ ಕಟ್ಟಲೆ."

"ಯಾವತ್ತು ಬಂತು ರೀ ಈ ಕಟ್ಟಲೆ?" ಅಂದಳು ಅಮ್ಮ.

"ನಮ್ಮ ತಾತನ ಕಾಲದಿಂದ್ಲೂ ಇತ್ತು ಕಣೇ. ನೀನು ಆಡೋಳಲ್ಲ, ನಿನಗೇನ್ ಗೊತ್ತು?" ಎಂದು ರೇಗಿ, ಅತ್ತಿಗೆಯ ಕಡೆ ತಿರುಗಿ, "ನಾಳೆ ಹೊಸ ನಡೆ ತಗೊಂಡ್ಬಾ," ಅಂದರು.

ಅಷ್ಟು ವರ್ಷ ಅಪ್ಪನೊಡನೆ ಆಡಿ ಸೋತ ನಮ್ಮ ಬೀದಿಯ ಒಬ್ಬರಿಗೂ ಆ ಕಟ್ಟಲೆ ಗೊತ್ತಿರಲಿಲ್ಲ.

ಮುಂದೆ ನಾಲ್ಕಾರು ದಿನದಲ್ಲೇ ಅಪ್ಪ ಯಂತ್ರವನ್ನು ಸೋಲಿಸಿ ಬೀದಿಗೆಲ್ಲ ಮೈಸೂರುಪಾಕು ಹಂಚಿದರು. ಕೆಲಸ ಬಿಡುವ ಮಾತು ಮತ್ತೆ ಏಳಲಿಲ್ಲ.

ಈಗ ಅತ್ತಿಗೆ ಇಲ್ಲ. ಅವರ ಮಾತು ಬಂದಾಗಲೆಲ್ಲ ನನಗೆ ನೆನಪಾಗುವುದು ಆಟ ಮುಗಿದು ಎರಡು ವರ್ಷಕ್ಕೆ ನಡೆದದ್ದು. ಅಣ್ಣನಿಗೆ ಹಾಸನಕ್ಕೆ ವರ್ಗವಾಯಿತು. ಇಬ್ಬರ ಸಾಮಾನನ್ನೂ ಕಟ್ಟಬೇಕೇನೋ ಅಂತ ಅಮ್ಮ ಟ್ರಂಕು ಇಳಿಸಿದಳು. ಅಪ್ಪ ಅಣ್ಣನಿಗೆ ಹೇಳಿದರು: "ನೀನು ಹೋಗು. ಶನಿವಾರ ಶನಿವಾರ ಬಾ. ಅವಳಿಗೆ ಇಲ್ಲಿ ಕೆಲಸ ಇದೆ."

ಸೋಮವಾರ ಬೆಳಗ್ಗೆ ಇಬ್ಬರೂ ಒಂದೇ ಬಸ್ಸು ಹತ್ತಿದರು. ಹೆಬ್ಬಾಳದಲ್ಲಿ ಅತ್ತಿಗೆ ಇಳಿದು ಕಚೇರಿಯ ದಾರಿ ಹಿಡಿದರು. ಅಣ್ಣ ಹಾಸಿಗೆಯ ಸುರುಳಿ ಇಟ್ಟುಕೊಂಡು ಮುಂದೆ ಹೋದ.