ಮೌಶಿ ಹಿಟ್ಟಿನಲ್ಲಿ ಬರೆದ ನಾಲ್ಕನೆಯ ಅಧ್ಯಾಯ

ಕಪಾಟು ಒರೆಸುತ್ತಿದ್ದೆ. ದಪ್ಪನೆಯ ಒಂದು ಪುಸ್ತಕವನ್ನು ಎತ್ತಿದ್ದೇ ತಡ, ಸೀರೆಯ ಮೇಲೆ ಜೋಳದ ಹಿಟ್ಟು ಉದುರಿತು. ಕಂಪ್ಯೂಟರ್ ಪುಸ್ತಕದಿಂದ ಹಿಟ್ಟು ಉದುರುವುದನ್ನು ನೀವು ನೋಡಿರಲಿಕ್ಕಿಲ್ಲ. ನನಗೆ ಮಾತ್ರ ಆಶ್ಚರ್ಯವಾಗಲಿಲ್ಲ. ಆ ಪುಸ್ತಕದ ಮುಖ್ಯವಾದ ಅಧ್ಯಾಯವನ್ನು ನಾನು ಕಲಿತದ್ದು ಭಾಲ್ಕಿಯಲ್ಲಿ, ನಮ್ಮ ಮೌಶಿ ರೊಟ್ಟಿ ಬಡಿಯುವಾಗ ಪಕ್ಕದಲ್ಲಿ ಕೂತು.

ತಾಯಿಯ ಅಕ್ಕತಂಗಿಯರನ್ನು ನಮ್ಮ ಕಡೆ ಮೌಶಿ ಎನ್ನುತ್ತೇವೆ. ಈಕೆ ನಮ್ಮವ್ವನ ಅಕ್ಕ. ವಯಸ್ಸಿನಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನ ಆಪರೇಟರ್ ಆಗಿದ್ದವಳು. ಆ ಕಡೆಯವರು ಕೆಮ್ಮಿದರೆ ಸಾಕು, ಯಾವ ಅಂಗಡಿಯ ಸಾಹುಕಾರರೆಂದು ಹೇಳುತ್ತಿದ್ದಳಂತೆ. ಅಂಥವಳಿಗೆ ನಿವೃತ್ತಿಯ ನಂತರ ಕಿವಿಯೇ ಕೈಕೊಟ್ಟಿತು. ಮಷೀನು ಹಾಕಿದರೂ ಫೋನಿನ ಮಾತು ಬರೀ ಗುಂಯ್‌ಗುಟ್ಟುತ್ತಿತ್ತು. ಸಂತಪುರದ ನಮ್ಮವ್ವ, ಅವರ ತಮ್ಮನಾದ ಮೆಹಕರದ ಮಾಮಾ ಇಬ್ಬರೂ ಕೂಗಿ ಕೂಗಿ ಸೋತು, ಫೋನ್ ಮಾಡುವುದನ್ನೇ ಮೆಲ್ಲಗೆ ಬಿಟ್ಟರು. ಮೌಶಿ ಬಿಡಲಿಲ್ಲ. ಫೋನ್ ಹಚ್ಚಿ, "ನಾ ಹೇಳ್ತೇನಿ, ನೀ ಏನೂ ಅನಬ್ಯಾಡ, ನನಗ ಕೇಳಂಗಿಲ್ಲ" ಎಂದು ತನ್ನ ಸುದ್ದಿ ಹೇಳಿ ಇಟ್ಟುಬಿಡುತ್ತಿದ್ದಳು. ಅವಳ ಮಾತು ಎಲ್ಲರಿಗೂ ಹೋಗುತ್ತಿತ್ತು, ಯಾರ ಮಾತೂ ಅವಳಿಗೆ ಬರುತ್ತಿರಲಿಲ್ಲ. ಈ ಸಂಕಟ ನನಗೆ ನೋಡಲಾಗಲಿಲ್ಲ.

ಮೊಬೈಲಿಗೆ ಬರೆದು ಕಳಿಸಬಹುದಿತ್ತಲ್ಲ ಎನ್ನುತ್ತೀರಿ. ಆ ಸಣ್ಣ ಅಕ್ಷರ ಅವಳ ಕಣ್ಣಿಗೆ ಹತ್ತುತ್ತಿರಲಿಲ್ಲ. ಅದಕ್ಕೇ ನಾನೊಂದು ಉಪಾಯ ಹೂಡಿದೆ. ನಾವು ನಮ್ಮ ನಮ್ಮ ಮೊಬೈಲಿನಲ್ಲಿ ಬರೆದದ್ದು ಅವಳ ಮನೆಯ ಟೀವಿಯ ಮೇಲೆ ಅಂಗೈಯಗಲದ ಅಕ್ಷರಗಳಲ್ಲಿ ಮೂಡಬೇಕು. ಬರೆದವರ ಹೆಸರಿನ ಪಕ್ಕ ಒಂದು ಹಳದಿ ದೀಪ ಹೊತ್ತಬೇಕು.

ಔರಾದಿನ ಕಾಲೇಜಿನಲ್ಲಿ ಗಣಿತ ಹೇಳುವವಳು ನಾನು. ಪ್ರೋಗ್ರಾಮ್ ಬರೆಯುವುದು ಒಂದಿಷ್ಟು ಗೊತ್ತಿತ್ತು, ಜಂಬ ಅದಕ್ಕಿಂತ ಹೆಚ್ಚು ಇತ್ತು. ಬೀದರಿನ ಹಳೆಯ ಪುಸ್ತಕದಂಗಡಿಯಲ್ಲಿ ಸಿಕ್ಕ ಈ ಪುಸ್ತಕ ಒಂದು ಫ್ರೇಮ್‌ವರ್ಕಿನದು. ಹಲವು ಕಡೆಯಿಂದ ಬರುವ ಕರೆಗಳಿಗೆ ಉತ್ತರ ಕೊಡುವ ಪ್ರೋಗ್ರಾಮುಗಳನ್ನು ಕಟ್ಟಲು ಬೇಕಾದ ಕಂಬ, ತೊಲೆ, ಬಾಗಿಲುಗಳನ್ನು ಯಾರೋ ಪುಣ್ಯಾತ್ಮರು ಮೊದಲೇ ನಿಲ್ಲಿಸಿಟ್ಟಿರುತ್ತಾರೆ, ಗೋಡೆ ನಾವು ಕಟ್ಟಿಕೊಳ್ಳಬೇಕು. ದಿನಾ ಬೀದರಿನಿಂದ ಔರಾದಿಗೆ ಹೋಗುವ ಬಸ್ಸಿನಲ್ಲಿ ಓದುತ್ತಿದ್ದೆ. ಸಂತಪುರ ಬರುವ ಹೊತ್ತಿಗೆ ಎರಡು ಪುಟ ಆದರೆ ಅದೇ ದೊಡ್ಡದು. ನಾಲ್ಕನೆಯ ಅಧ್ಯಾಯ ಏನು ಮಾಡಿದರೂ ತಲೆಗೆ ಹೋಗಲಿಲ್ಲ. ಯಾರಿಗೆ ಗೊತ್ತಾಗುತ್ತದೆ ಎಂದು ಹಾರಿಸಿಬಿಟ್ಟೆ.

ಒಂದು ಭಾನುವಾರ ಮಧ್ಯಾಹ್ನ ಭಾಲ್ಕಿಗೆ ಹೋಗಿ ಎಲ್ಲ ಜೋಡಿಸಿ, ಮೌಶಿಯನ್ನು ಟೀವಿಯ ಮುಂದೆ ಕೂಡಿಸಿದೆ. ಮಾಮಾನ ದೀಪ ಹೊತ್ತಿತು. "ಅಕ್ಕಾ, ಶರಣು" ಎಂದು ಮೂಡಿತು. ಮೌಶಿ ಟೀವಿಗೇ ಕೈಮುಗಿದಳು. ಆಮೇಲೆ ಏನೂ ಬರಲಿಲ್ಲ. ಅರ್ಧ ತಾಸಾಯಿತು, ಒಂದು ತಾಸಾಯಿತು. ಅದೇ ಶರಣು, ಅದೇ ಒಂದು ದೀಪ. ಮೌಶಿ ಎದ್ದು ಒಲೆಯ ಕಡೆ ಹೋದಳು.

"ಬಿಡು ಬೇಟಾ," ಅಂದಳು. "ಮಂದಿಗೆ ನನ್ನ ಜೋಡಿ ಮಾತು ಸಾಕಾಗ್ಯದ."

ನನಗೆ ಅಳು ಬಂತು. ನಮ್ಮವ್ವನಿಗೆ ಫೋನ್ ಮಾಡಿದರೆ ಆಕೆ ಸಿಟ್ಟಿನಲ್ಲಿದ್ದಳು. "ಐದು ಸಲ ಬರದೀನಿ, ಯಾಕ ಹೋಗವಲ್ದು?" ಮಾಮಾ ಶರಣು ಬರೆದು, ಪ್ರೋಗ್ರಾಮನ್ನು ಮುಚ್ಚದೆ ಮೊಬೈಲನ್ನು ಹಾಗೇ ಜೇಬಿಗಿಳಿಸಿ ತೊಗರಿ ನೋಡಲು ಹೊಲಕ್ಕೆ ಹೋಗಿದ್ದ. ತಪ್ಪು ನನ್ನದೇ. ನಮ್ಮ ಮನೆಗಳ ಮರ್ಯಾದೆಯನ್ನು ಪ್ರೋಗ್ರಾಮಿಗೂ ಕಲಿಸಿಬಿಟ್ಟಿದ್ದೆ. ಬಂದವರನ್ನು ಕೂಡಿಸಬೇಕು, ಚಾ ಕೊಡಬೇಕು, ಅವರು "ಬರ್ತೇನ್ರಿ" ಎಂದು ಏಳುವ ತನಕ ಬೇರೆಯವರತ್ತ ಮುಖ ತಿರುಗಿಸಬಾರದು. ಮಾಮಾ ಏಳಲಿಲ್ಲ, ಅವ್ವ ಬಾಗಿಲಲ್ಲೇ ನಿಂತಳು.

ಇದನ್ನೆಲ್ಲ ದೊಡ್ಡ ಅಕ್ಷರಗಳಲ್ಲಿ ಕಾಗದದ ಮೇಲೆ ಬರೆದು ತೋರಿಸಿದೆ. ಮೌಶಿ ದೂರ ಹಿಡಿದು ಓದಿದಳು. ಹೊಟ್ಟೆ ಹಿಡಿದು ನಕ್ಕಳು.

"ಅಯ್ಯ ಹುಚ್ಚಿ, ಒಂದೇ ದೀಪದ ಮುಂದ ಕುಂತೀಯೇನು?"

ಅಗಲವಾದ ಪರಾತದ ತಟ್ಟೆಯಲ್ಲಿದ್ದ ಹಿಟ್ಟನ್ನು ಅಂಗೈಯಿಂದ ಸಪಾಟು ಮಾಡಿ, ಬೆರಳಿನಿಂದ ಸಾಲು ಸಾಲಾಗಿ ಚುಕ್ಕೆ ಇಟ್ಟಳು. "ಇದು ಎಕ್ಸ್‌ಚೇಂಜಿನಾಗಿನ ನನ್ನ ಬೋರ್ಡ್, ಒಂದೊಂದು ಚುಕ್ಕಿ ಒಂದೊಂದು ಫೋನಿನ ದೀಪ. ಇಲ್ಲಿ ದೀಪ ಹತ್ತಿತು. ವೈರ್ ಚುಚ್ಚಿದೆ, ನಂಬರ್ ಕೇಳಿದೆ, ಆ ಕಡಿಯವರಿಗಿ ಘಂಟಿ ಹೊಡದೆ. ಅವರು ಎತ್ತೂತನಕ ಅಲ್ಲೇ ಕುಂತ್ರ ಊರಿನ ಗತಿ ಏನು? ಮುಂದಿನ ದೀಪಕ್ಕ ಹೋಗ್ತೇನಿ. ಅವರು ಎತ್ತಿದ್ರ ದೀಪಾನೇ ಹೇಳ್ತದ, ಮಾತು ಮುಗದ್ರೂ ದೀಪಾನೇ ಹೇಳ್ತದ. ನಾ ಯಾರ ಸಲುವಾಗಿನೂ ಕಾಯಂಗಿಲ್ಲ, ಯಾರನ್ನೂ ಮರ್ಯಂಗಿಲ್ಲ."

ನಾನು ಓಡಿ ಹೋಗಿ ಪುಸ್ತಕ ತಂದೆ. ನಾಲ್ಕನೆಯ ಅಧ್ಯಾಯದಲ್ಲಿ ಒಂದು ಚಿತ್ರವಿತ್ತು. ಸಾಲಾಗಿ ಬಾಗಿಲುಗಳು, ಎಲ್ಲಕ್ಕೂ ಸೇರಿ ಒಬ್ಬನೇ ಕೆಲಸಗಾರ. ಅವನು ಎಲ್ಲೂ ನಿಲ್ಲದೆ, ಕರೆ ಬಂದ ಬಾಗಿಲಿಗೆ ಮಾತ್ರ ಹೋಗಿ ಬರುತ್ತಿದ್ದಾನೆ. ತಿಂಗಳುಗಟ್ಟಲೆ ಬಸ್ಸಿನಲ್ಲಿ ತಲೆ ಕೆರೆದುಕೊಂಡ ವಿದ್ಯೆ, ಎಲ್ಲೋ ದೂರದ ದೇಶದ ಬುದ್ಧಿವಂತರು ಬರೆದಿಟ್ಟ ವಿದ್ಯೆ, ಈ ಎರಡು ಕೈಗಳಲ್ಲಿ ಎಂದಿನಿಂದಲೋ ಇತ್ತು. ನಾನು ಹುಟ್ಟುವ ಮೊದಲಿನಿಂದ ಇತ್ತು. ಮೌಶಿ ಹಿಟ್ಟಿನ ಬೆರಳನ್ನು ಆ ಚಿತ್ರದ ಮೇಲಿಟ್ಟು, "ಬರೋಬ್ಬರಿ ಅದ," ಎಂದು ಒಪ್ಪಿಗೆ ಕೊಟ್ಟಳು.

ತಿದ್ದಿ ಬರೆಯಲು ಮೂರು ವಾರ ಹಿಡಿಯಿತು. ಈ ಸಲ ಮಾಮಾ ಮತ್ತೆ ಶರಣೆಂದು ಹೊಲಕ್ಕೆ ಹೋದ. ಅವನ ದೀಪದ ಕೆಳಗೇ ನಮ್ಮವ್ವನದೂ ಹೊತ್ತಿತು. "ಅಕ್ಕಾ, ಉಂಡಿಯೇನು?" ಪ್ರೋಗ್ರಾಮ್ ಬರೆದವಳು ನಾನೇ ಆದರೂ ನನಗೆ ನಂಬಲಾಗಲಿಲ್ಲ. ಸಂತಪುರದ ಪಡಸಾಲೆಯ ಮಾತು, ಯಾವ ಯಾವ ಟವರು ಹತ್ತಿಳಿದು ಬಂತೋ, ಭಾಲ್ಕಿಯ ಗೋಡೆಯ ಮೇಲೆ ನಿಂತಿತ್ತು. ಮೌಶಿ ಆ ಎರಡು ಶಬ್ದಗಳನ್ನು ಬಹಳ ಹೊತ್ತು ಓದಿದಳು. ನಂತರ ಫೋನ್ ಹಚ್ಚಿ, "ಉಂಡೀನವ್ವಾ," ಅಂದಳು.

ಇವತ್ತು ಆ ಹಿಟ್ಟನ್ನು ಝಾಡಿಸಲು ಮನಸ್ಸಾಗಲಿಲ್ಲ. ಪುಸ್ತಕ ಮುಚ್ಚಿಟ್ಟು, "ಮೌಶಿ, ನಾಲ್ಕನೇ ಅಧ್ಯಾಯದಾಗ ನಿನ್ನ ಹಿಟ್ಟು ಇನ್ನೂ ಅದ" ಎಂದು ಬರೆದು ಕಳಿಸಿದೆ. ತಕ್ಷಣ ಫೋನ್ ಬಂತು.

"ತಡಿ ಬೇಟಾ. ನಿಮ್ಮವ್ವನ ದೀಪ ಹತ್ಯದ, ಮಾಮಾಂದೂ ಹತ್ಯದ. ನಿಂದೂ ನೋಡೀನಿ, ಮರ್ತಿಲ್ಲ."

ಇಟ್ಟೇಬಿಟ್ಟಳು. ನಾನು ಒರೆಸುವ ಬಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು, ಕಪಾಟಿನ ಮುಂದೆ ನೆಲದ ಮೇಲೆಯೇ ಕೂತು ನನ್ನ ಪಾಳಿಗಾಗಿ ಕಾದೆ.