ಅಪ್ಪನ ಬಾಯಲ್ಲಿ ಇಂಗ್ಲಿಷ್ ಹಾಡು

ನಮ್ಮಪ್ಪ ಇಂಗ್ಲಿಷ್ ಹಾಡು ಹಾಡುವುದನ್ನು ಮೊನ್ನೆ ಬ್ಯಾಡಗಿಯಲ್ಲಿ ನೋಡಿದೆ. ಅಪ್ಪ ತೀರಿಕೊಂಡು ಮೂರು ವರ್ಷವಾಯಿತು. (ಬಸ್ ಕಂಡಕ್ಟರ್ ಆಗಿದ್ದ ಅಪ್ಪನಿಗೆ ಬರುತ್ತಿದ್ದ ಇಂಗ್ಲಿಷೇ ಎರಡು ಪದ: ಸ್ಟಾಪ್, ರೈಟ್.)

ಹೆದರಬೇಡಿ, ದೆವ್ವದ ಕಥೆಯಲ್ಲ. ಅಕ್ಕನ ಮದುವೆಯ ವಿಡಿಯೋ ಕ್ಯಾಸೆಟ್ಟನ್ನು ಸೀಡಿ ಮಾಡಿಸಿಕೊಂಡು ಅವಳ ಮನೆಗೆ ಹೋಗಿದ್ದೆ. ಎಲ್ಲರೂ ಟಿವಿ ಮುಂದೆ ಕೂತೆವು. ಮದುವೆ ಮುಗಿದು ಅಕ್ಕ ಗಂಡನ ಮನೆಗೆ ಹೊರಡಲು ಕಾರಿನಲ್ಲಿ ಕೂತಿದ್ದಾಳೆ. ಅಪ್ಪ ಕಿಟಕಿಗೆ ಬಗ್ಗಿ ಏನೋ ಹೇಳುತ್ತಿದ್ದಾನೆ. ತುಟಿಗಳು ಅಲುಗುತ್ತವೆ. ಕೇಳುವುದು ಮಾತ್ರ ಕೀಬೋರ್ಡು, ಡ್ರಮ್ ಮಷೀನು, ಇಂಗ್ಲಿಷ್ ಹಾಡು!

"ಮಾಮಾ, ಅಜ್ಜ ಇಂಗ್ಲಿಷ್ ಹಾಡಾಕತ್ತಾನೇನು?" ಎಂದಳು ಅಕ್ಕನ ಮಗಳು. ನಾನು ನಕ್ಕೆ. ಅಕ್ಕ ನಗಲಿಲ್ಲ.

ತಪ್ಪು ನನ್ನದೇ. ಆಗೆಲ್ಲ ಮದುವೆ ವಿಡಿಯೋ ಎಂದರೆ ಮಿಕ್ಸಿಂಗ್ ಆಗಲೇಬೇಕು. ಮಾತು, ಅಳು, ಬ್ಯಾಂಡು ಎಲ್ಲ ತೆಗೆದು ಸಿನಿಮಾ ಹಾಡು ಕೂರಿಸುವುದು. ಹೆಣ್ಣು ಕಳಿಸುವಾಗ ಊರಿಗೆಲ್ಲ ಅದೇ ಗೋಳಿನ ಹಾಡು. ನಾನೋ ಆಗಷ್ಟೇ ಕಾಲೇಜು ಸೇರಿದವನು. ಕೇಬಲ್ ಟಿವಿಯಲ್ಲಿ ಬರುತ್ತಿದ್ದ ಕೀಬೋರ್ಡೇ ತುಂಬಿದ ಒಂದು ಹಳೆಯ ಇಂಗ್ಲಿಷ್ ಸಿಂಥ್-ಪಾಪ್ ಹಾಡಿಗೆ ಮರುಳಾಗಿದ್ದೆ.

ಏನು ಹಾಡು ಅದು! ತೆರೆಯ ಮೇಲೆ ಖಾಲಿ ರೈಲ್ವೆ ಪ್ಲಾಟ್‌ಫಾರ್ಮು, ಕೆಂಪು ಕೋಟಿನ ಹುಡುಗಿ. ಕೀಬೋರ್ಡಿನ ಒಂದೊಂದು ಸ್ವರಕ್ಕೆ ಒಂದೊಂದು ದೀಪ ಹತ್ತಿಕೊಳ್ಳುತ್ತದೆ. ಕೀಬೋರ್ಡಿನವನು ಒಮ್ಮೆಯೂ ನಗುವುದಿಲ್ಲ. (ಹತ್ತು ಬೆರಳಿದ್ದರೂ ಎರಡರಲ್ಲೇ ಬಾರಿಸುತ್ತಾನೆ, ಪುಣ್ಯಾತ್ಮ.) ರೈಲು ಬರುತ್ತದೆ, ಹುಡುಗಿ ಹತ್ತಿದಳೋ ಇಲ್ಲವೋ ತೋರಿಸದೆ ಮುಗಿಸಿಬಿಡುತ್ತಾರೆ. ಆ ಹಾಡು ತಲೆಗೆ ಹತ್ತಿದರೆ ನಮ್ಮ ರಾಣೆಬೆನ್ನೂರು ಸ್ಟೇಷನ್ನೂ ನನಗೆ ಬೇರೆ ದೇಶದಂತೆ ಕಾಣುತ್ತಿತ್ತು. ಸುಳ್ಳೇಕೆ, ಇವತ್ತಿಗೂ ಮೈ ಜುಮ್ಮೆನ್ನುತ್ತದೆ.

ಅದರ ಕ್ಯಾಸೆಟ್ ಎಲ್ಲೂ ಸಿಗಲಿಲ್ಲ. ಟಿವಿ ಸ್ಪೀಕರಿಗೆ ಟೇಪ್ ರೆಕಾರ್ಡರ್ ಹಿಡಿದು ನಾನೇ ರೆಕಾರ್ಡ್ ಮಾಡಿದೆ. ಹಾವೇರಿಯ ಮಿಕ್ಸಿಂಗ್ ಅಂಗಡಿಗೆ ಹೋಗಿ, ಇದನ್ನೇ ಹಾಕಬೇಕೆಂದು ಹಟ ಹಿಡಿದೆ.

"ಅವತ್ತ ನಾ ಅಳೋ ಭರದಾಗ ಅಪ್ಪ ಏನಂದ ಅಂತ ಕೇಳಿಸ್ಕೊಳ್ಳಲಿಲ್ಲೋ" ಎಂದಳು ಅಕ್ಕ. "ಈ ಹಾಡು ತಗಿಸಿ ಅಪ್ಪನ ಮಾತು ಹಾಕಿಸ್ಕೊಂಡು ಬಾ."

ಅಲ್ಲಿಂದಲೇ ಹಾವೇರಿಯ ಅಂಗಡಿಯವರಿಗೆ ಫೋನ್ ಹಚ್ಚಿದೆ.

"ಒರಿಜಿನಲ್ ಎಲ್ಲಿಂದ ತರೂಣ್ರಿ ಸರ್? ಮಿಕ್ಸಿಂಗ್ ಮುಗೀತಂದ್ರ ಅದ ಕ್ಯಾಸೆಟ್‌ನ್ಯಾಗ ಮುಂದಿನ ಮದುವಿ ಶೂಟ್ ಮಾಡ್ತಿದ್ವಿ."

ಅಕ್ಕನಿಗೆ ಯಾವ ಬಾಯಲ್ಲಿ ಹೇಳಲಿ? ಹೇಳಿದೆ. ಅವಳು ರಿಮೋಟ್ ತೆಗೆದುಕೊಂಡು ಸೀಡಿ ಹಿಂದಕ್ಕೆ ಓಡಿಸಿ, ವಾಲ್ಯೂಮ್ ಪೂರ್ತಿ ಏರಿಸಿದಳು. ಹಾಡಿನ ಅಡಿಯಲ್ಲಿ ಎಲ್ಲಾದರೂ ಒಂದು ಮಾತು ಉಳಿದಿರಬಹುದೆಂಬ ಆಸೆ. ನನಗೆ ನನ್ನ ಮೇಲೇ ಸಿಟ್ಟು ಬಂತು.

"ತಡಿ... ಇಲ್ಲೆ ಕೇಳು!" ಎಂದಳು ಅಕ್ಕ.

ಕಾರು ಹೊರಡುವ ಹೊತ್ತಿಗೆ, ಕೀಬೋರ್ಡಿನ ಹಿಂದೆ, ನಮ್ಮ ಹಳೆಯ ಮನೆಯ ಅಡುಗೆಮನೆಯಿಂದ ಅಪ್ಪನ ದನಿ: "ಏ, ಬಂದ್ ಮಾಡಲೇ ಅದನ್ನ! ರೊಟ್ಟಿ ಆರಾಕತ್ತಾವು, ಉಣ್ಣ ಬಾ!"

ನಾನು ರೆಕಾರ್ಡ್ ಮಾಡುವಾಗ ಬೈದದ್ದು! ಟೇಪಿನಲ್ಲಿ ಕೂತುಬಿಟ್ಟಿದೆ. ಅಪ್ಪ ಇದ್ದಾಗ ಅದನ್ನು ಯಾರು ಗಮನಿಸಿದ್ದರು?

ಅಕ್ಕ ನಕ್ಕಳು, ಅತ್ತಳು, ಮತ್ತೆ ಹಿಂದಕ್ಕೆ ಓಡಿಸಿದಳು. ಸಂಜೆಯ ತನಕ ಅದೇ ಕೆಲಸ.

ಹೇಳಿ, ಅವತ್ತು ಅಪ್ಪನಿಗೆ ಹೆದರಿ ನಾನು ರೆಕಾರ್ಡಿಂಗ್ ಬಂದ್ ಮಾಡಿ, ಆ ಅರ್ಧ ಹಾಡನ್ನು ಅಳಿಸಿಬಿಟ್ಟಿದ್ದರೆ?