ಕುಳಿತುಕೊಳ್ಳಲೊಂದು ಜಾಗ

ಎಲ್ಲಿಗೆ ಹೋದರೂ ನನ್ನ ಕಣ್ಣು ಮೊದಲು ಹುಡುಕುವುದು ಕುಳಿತುಕೊಳ್ಳುವ ಜಾಗವನ್ನು. ಮದುವೆಗೆ ಹೋದರೆ ಮದುಮಕ್ಕಳಿಗಿಂತ ಮುಂಚೆ ಖಾಲಿ ಖುರ್ಚಿ ಕಾಣುತ್ತದೆ. ದುಃಖದ ಮನೆಗೆ ಹೋದಾಗಲೂ ಯಾವ ಗೋಡೆಗೆ ಬೆನ್ನು ಕೊಡಬಹುದು ಎಂದು ನೋಡಿಯೇ ಮುಖ ಸಪ್ಪಗೆ ಮಾಡಿಕೊಳ್ಳುತ್ತೇನೆ. ಇದು ನನ್ನ ತಪ್ಪಲ್ಲ, ಮೊಣಕಾಲುಗಳದು. ನೌಕರಿಯುದ್ದಕ್ಕೂ ಕರಿಹಲಗೆಯ ಮುಂದೆ ನನ್ನನ್ನು ಹೊತ್ತು ನಿಂತ ಅವು, ಪೆನ್ಶನ್ ಶುರುವಾದ ತಿಂಗಳಿಂದ ಸೇಡು ತೀರಿಸಿಕೊಳ್ಳುತ್ತಿವೆ.

ಹಿಂದಿನವರಿಗೆ ಈ ಕಷ್ಟ ಗೊತ್ತಿತ್ತು. ಐಹೊಳೆಯ ಗುಡಿಗಳ ಮಂಟಪದ ಸುತ್ತ ಒರಗಿ ಕೂಡಲು ಕಲ್ಲಿನ ಆಸನಗಳಿವೆ. ಪ್ರವಾಸಿಗರು ಕಂಬದ ಮೇಲಿನ ಶಿಲ್ಪ ನೋಡುತ್ತಾರೆ, ನಾನು ಆ ಆಸನದ ಮೇಲೆ ಕುಳಿತು ಪ್ರವಾಸಿಗರನ್ನು ನೋಡುತ್ತೇನೆ. ಅಲ್ಲಿಯೇ ಒಮ್ಮೆ ಒಂದು ವೀರಗಲ್ಲನ್ನು ನಿಧಾನವಾಗಿ ನೋಡಿದೆ. ಕೆಳಗಿನ ಹಂತದಲ್ಲಿ ವೀರ ಹೋರಾಡಿ ಬೀಳುತ್ತಾನೆ. ನಡುವೆ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಾರೆ. ಮೇಲೆ, ಶಿವಲಿಂಗದ ಪಕ್ಕದಲ್ಲಿ, ಅವನು ಸುಮ್ಮನೆ ಕುಳಿತಿದ್ದಾನೆ. ಕತ್ತಿಯಿಲ್ಲ, ಕುದುರೆಯಿಲ್ಲ. ಅಷ್ಟೆಲ್ಲ ಮಾಡಿದವನಿಗೆ ಕೊನೆಗೆ ಸಿಕ್ಕಿದ್ದು ಕುಳಿತುಕೊಳ್ಳಲು ಒಂದು ಜಾಗ. ಆಗ ಇದು ನನಗೆ ತಮಾಷೆಯಾಗಿ ಕಂಡಿತ್ತು. ಜಾವೀದ ಹೋದ ಮೇಲೆ ಹಾಗೆ ಕಾಣುವುದಿಲ್ಲ.

ಜಾವೀದ ನಮ್ಮ ಇಳಕಲ್ಲಿನ ರಾಜೇಸಾಬನ ಮಗ. ರಾಜೇಸಾಬ ಊರ ಹೊರಗೆ ಹುನಗುಂದ ರಸ್ತೆಯಲ್ಲಿ ಸಣ್ಣ ಶೆಡ್ಡು ಹಾಕಿಕೊಂಡು ನಮ್ಮ ಕಡೆಯ ಕೆಂಪು ಕಲ್ಲಿಗೆ ಪಾಲಿಶ್ ಮಾಡುತ್ತಾನೆ. ಆ ಕಲ್ಲು ದೂರದ ದೇಶಗಳಿಗೆ ಹೋಗಿ ಯಾರದೋ ಮನೆಯ ನೆಲವಾಗುತ್ತದೆ, ಯಾರದೋ ಗೋರಿಯ ತಲೆಗಲ್ಲಾಗುತ್ತದೆ. ಹುಡುಗ ನನ್ನ ಹತ್ತಿರ ಗಣಿತ ಕಲಿತು, ಆಮೇಲೆ ಬಾಗಲಕೋಟೆಯ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಿ ಬಂದ. ಬಸ್ಸಿನಲ್ಲಿ ನಾನು ಕಂಡರೆ ಎದ್ದು ನಿಲ್ಲುತ್ತಿದ್ದ. ನಾನು ಒಂದೇ ಒಂದು ಸಲವೂ ಬೇಡ ಎನ್ನಲಿಲ್ಲ. ಎನ್‌ಸಿಸಿಯ ಖಾಕಿ ಹಾಕಿದ, ಪರೀಕ್ಷೆ ಪಾಸಾದ, ತರಬೇತಿ ಮುಗಿಸಿ ಲೆಫ್ಟಿನೆಂಟ್ ಆದ, ಹಿಮದ ಗಡಿಗೆ ಹೋಗಿ ಕ್ಯಾಪ್ಟನ್ ಆದ. ರಜೆಗೆ ಬಂದಾಗ ಆ ಶೆಡ್ಡಿನ ಮುಂದಿನ ಬಸ್‌ಸ್ಟಾಪಿನಲ್ಲಿ ನನ್ನಂಥವರು ಬಿಸಿಲಲ್ಲಿ ಕಾಲು ಬದಲಿಸುತ್ತ ನಿಂತಿರುವುದನ್ನು ನೋಡಿ, ಜಗತ್ತಿಗೆಲ್ಲ ಕಲ್ಲು ಕಳಿಸ್ತೀರಿ, ಇಲ್ಲೊಂದು ಕಟ್ಟಿ ಹಾಕ್ರಿ ಎಂದು ಅಪ್ಪನನ್ನು ಕಾಡಿಸಿ ಹೋಗಿದ್ದ. ರಾಜೇಸಾಬ ಮುಂದಿನ ರಜೆಯೊಳಗೆ ಹಾಕುತ್ತೇನೆ ಎಂದಿದ್ದ.

ಆ ರಜೆ ಬರಲಿಲ್ಲ. ಯುದ್ಧದಲ್ಲಿ, ಗುಂಡಿನ ಮಳೆಯ ನಡುವೆ, ಗಾಯಗೊಂಡ ತನ್ನ ಸಿಪಾಯಿಗಳನ್ನು ಕೆಳಗೆ ಇಳಿಸಿ, ಮೇಲೆ ಉಳಿದುಹೋದ ಒಬ್ಬನಿಗಾಗಿ ಮತ್ತೆ ಹತ್ತಿದನಂತೆ. ಆ ಸಿಪಾಯಿ ಬದುಕಿದ. ಜಾವೀದ ತ್ರಿವರ್ಣ ಹೊದ್ದುಕೊಂಡು ಮನೆಗೆ ಬಂದ. ಅಂದು ಊರಲ್ಲಿ ಒಂದು ಮಗ್ಗವೂ ಸದ್ದು ಮಾಡಲಿಲ್ಲ. ಜೊತೆಗೆ ಬಂದಿದ್ದ ಸುಬೇದಾರರೊಬ್ಬರು, ತಮ್ಮ ಕ್ಯಾಪ್ಟನ್ ಸಾಹೇಬರು ಸಿಪಾಯಿ ಹುಡುಗರೆಲ್ಲ ಕುಳಿತು ಊಟ ಮಾಡುವವರೆಗೆ ತಾವು ಕೂಡುತ್ತಿರಲಿಲ್ಲ ಎಂದು ಹಿಂದಿಯಲ್ಲಿ ಹೇಳಿ ಅತ್ತರು. ಬಸ್ಸಿನಲ್ಲಿ ಅವನು ನನಗೆ ಬಿಟ್ಟುಕೊಟ್ಟ ಸೀಟುಗಳೆಲ್ಲ ನೆನಪಾಗಿ ನಾನೂ ಅತ್ತೆ.

ಊರಿನವರು ಪುತ್ಥಳಿ ಮಾಡಿಸೋಣವೆಂದರು. ರಾಜೇಸಾಬ ಕೈಮುಗಿದು ಬೇಡವೆಂದ. ಮಗ ಕೇಳಿದ್ದು ಕಟ್ಟೆಯನ್ನು, ತಾನು ಕೊಡುವುದೂ ಅದನ್ನೇ ಎಂದ. ತನ್ನಲ್ಲಿದ್ದ ಒಳ್ಳೆಯ ಕಲ್ಲನ್ನು ಆರಿಸಿ, ಕನ್ನಡಿಯ ಹಾಗೆ ಪಾಲಿಶ್ ಮಾಡಿ, ಕೂಡುವ ಮೈಯ ನಡುವೆಯೇ ಮಗನ ಹೆಸರು ಕೆತ್ತಿ, ಎರಡು ಗಿಡ್ಡ ಕಂಬಗಳ ಮೇಲೆ ಚಪ್ಪಡಿ ಕೂಡಿಸಿದ. ತಲೆಗಲ್ಲು ಮಾಡಿ ಮಾಡಿ ರೂಢಿಯಾದ ಕೈ ಅದು. ಹೆಸರೆಂದರೆ ಕಲ್ಲಿನ ಮುಖದ ಮೇಲೆ ಇರಬೇಕು ಎಂಬುದಷ್ಟೇ ಅದಕ್ಕೆ ಗೊತ್ತು.

ಆದರೆ ನಮ್ಮ ಮಂದಿ ಎಂಥವರು ಎಂಬುದನ್ನು ಅವನು ಮರೆತಿದ್ದ. ಹಾಳೆಗೆ ಕಾಲು ತಾಗಿದರೆ ಕಣ್ಣಿಗೆ ಒತ್ತಿಕೊಳ್ಳುವವರು ನಾವು. ಹುತಾತ್ಮನ ಹೆಸರಿನ ಮೇಲೆ ಕೂಡುತ್ತೇವೆಯೇ? ಮೊದಲ ದಿನವೇ ಮಾಲೆ ಬಿತ್ತು. ಮರುದಿನ ಯಾರೋ ಕುಂಕುಮ ಹಚ್ಚಿ ಊದುಬತ್ತಿ ಸಿಗಿಸಿದರು. ರಾಮಥಾಳದ ಕಡೆಯಿಂದ ಬಂದ ಹೆಣ್ಣುಮಕ್ಕಳು ಚಪ್ಪಲಿ ಬಿಟ್ಟು ನಮಸ್ಕರಿಸಿ, ಆಮೇಲೆ ಅದರ ಪಕ್ಕದಲ್ಲಿ ನೆಲದ ಮೇಲೆ ಕುಕ್ಕರಗಾಲಲ್ಲಿ ಕುಳಿತರು. ಇಷ್ಟು ದಿನ ಕಟ್ಟೆಯಿಲ್ಲದೆ ನಿಲ್ಲುತ್ತಿದ್ದೆವು, ಈಗ ಕಟ್ಟೆಯಿದ್ದೂ ನಿಂತೆವು. ನನ್ನ ಮೊಣಕಾಲುಗಳು ಆ ಕೆಂಪು ಕಲ್ಲನ್ನು ಆಸೆಯಿಂದ ನೋಡುತ್ತಿದ್ದವು, ನನಗೂ ಧೈರ್ಯವಾಗಲಿಲ್ಲ. ಶೆಡ್ಡಿನ ಬಾಗಿಲಲ್ಲಿ ನಿಂತು ದಿನಾ ಇದನ್ನು ನೋಡುತ್ತಿದ್ದ ರಾಜೇಸಾಬ ಒಂದು ಮಧ್ಯಾಹ್ನ ನನ್ನ ಬಳಿ ಬಂದ.

“ನನ್ನ ಮಗ ದೇವರಲ್ರಿ ಮಾಸ್ತರ್ರ. ಹೂವ ಹಾಕಿ ಬಿಸಲಾಗ ನಿಂತ್ರ ಅವಗೇನ ಮುಟ್ಟತೈತಿ? ಕುಂದರ್ರಿ.”

ನಾನು ಕುಳಿತುಕೊಳ್ಳಲಿಲ್ಲ. ಹೆಸರನ್ನು ಅಂಚಿಗೆ ಕೆತ್ತು ಎಂದು ದೊಡ್ಡದಾಗಿ ಸಲಹೆ ಕೊಟ್ಟೆ. ಅಂಚಿಗೆ ಕೆತ್ತಿದರೆ ಕುಳಿತವರ ಹಿಮ್ಮಡಿ ತಾಗುತ್ತದೆಂದು ಹೆದರಿ ಮತ್ತೆ ಯಾರೂ ಕೂಡುವುದಿಲ್ಲ, ಪಕ್ಕಕ್ಕೆ ಬೋರ್ಡು ನಿಲ್ಲಿಸಿದರೆ ಮಾಲೆಗಳು ಅಲ್ಲಿಗೇ ಬರುತ್ತವೆ ಎಂದ. ನಾನು ಹೇಳುವುದಕ್ಕೆ ಮುಂಚೆ ಅವನು ಎಲ್ಲವನ್ನೂ ಯೋಚಿಸಿ ಮುಗಿಸಿದ್ದ.

ಚಪ್ಪಡಿಯನ್ನು ಮಗುಚಿ ಹಾಕುತ್ತಾನೆಂದು ತಿಳಿದಾಗ ಅವನ ಹೆಂಡತಿ ಮಾಬೂಬಿ ಶೆಡ್ಡಿಗೇ ಬಂದಳು. ಮಗ ಹೋದ ಮೇಲೆ ಆಕೆ ದನಿ ಎತ್ತಿ ಮಾತಾಡಿದ್ದನ್ನು ನಾವು ಕೇಳಿರಲಿಲ್ಲ.

“ಒಮ್ಮಿ ಮಣ್ಣ ಕೊಟ್ಟು ಬಂದೀರಿ,” ಎಂದಳು ಗಂಡನಿಗೆ. “ಈಗ ಹೆಸರನ್ನೂ ಮಣ್ಣಿನ ಕಡೆ ಮಾರಿ ಮಾಡಿ ಇಡ್ತೀರೇನು?”

ಆಕೆ ಹೇಳಿದ್ದು ಖರೆಯೇ ಆಗಿತ್ತು. ಆದರೂ ರಾಜೇಸಾಬ ಚಪ್ಪಡಿಯನ್ನು ಬಿಚ್ಚಿ ಒಳಗೆ ಒಯ್ದು, ಒರಟಾಗಿದ್ದ ಹಿಂಬದಿಗೂ ಪಾಲಿಶ್ ಹಿಡಿಸಿ, ಹೆಸರು ಕೆಳಗಾಗುವಂತೆ ಮತ್ತೆ ಕೂಡಿಸಿದ. ಅಂದಿನಿಂದ ಮಾಬೂಬಿ ಆ ಸ್ಟಾಪಿಗೆ ಬರುವುದನ್ನೇ ಬಿಟ್ಟಳು. ಬಸ್ಸು ಹತ್ತುವುದಿದ್ದರೆ ಒಂದು ಸ್ಟಾಪು ಮುಂದೆ, ಪೇಟೆಗೆ ನಡೆದು ಹೋಗುತ್ತಿದ್ದಳು.

ಇತ್ತ ಕಲ್ಲಿನ ಮೇಲೆ ಜನ ಕೂಡಲು ಶುರುಮಾಡಿದರು. ಶಿರೂರಿನಿಂದ ನೆಂಟರ ಮನೆಗೆ ಬಂದವರು ರೊಟ್ಟಿಯ ಗಂಟು ಬಿಚ್ಚಿದರು. ಸೀರೆಯ ಗಂಟು ಹೊತ್ತ ನೇಕಾರರು ಭಾರ ಇಳಿಸಿದರು. ನಾನಂತೂ ಬಸ್ಸಿಲ್ಲದ ಹೊತ್ತಿನಲ್ಲೂ ಹೋಗಿ ಕುಳಿತು ಪೇಪರ್ ಓದಿದೆ. ಹೆಸರು ಕಾಣದಿದ್ದರೂ ಅದು ಯಾರ ಕಟ್ಟೆ ಎಂದು ಕುಳಿತವರು ಕೇಳುತ್ತಿದ್ದರು, ಗೊತ್ತಿದ್ದವರು ಹೇಳುತ್ತಿದ್ದರು. ಬಿಸಿಲಿಗೆ ಕುಳಿತವನಿಗೆ ಕಥೆ ಕೇಳಲು ಪುರುಸೊತ್ತಿರುತ್ತದೆ.

ಮೊನ್ನೆ ಹುನಗುಂದದ ದವಾಖಾನೆಯಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಮುಂದಿನ ಸೀಟಿನಲ್ಲಿ ಮಾಬೂಬಿ ಇದ್ದಳು. ಕಂಡಕ್ಟರ್ ಹೊಸಬ, ಬೀದರ ಕಡೆಯವನು, ನಮ್ಮ ಜಾವೀದನ ಮುಖವನ್ನೂ ನೋಡದವನು. ಊರು ಹತ್ತಿರವಾದಾಗ ಬಾಗಿಲಿಗೆ ಒರಗಿ, ಇಳಿಯುವವರಿಗಾಗಿ ಸ್ಟಾಪಿನ ಹೆಸರು ಕೂಗಿದ.

“ಕ್ಯಾಪ್ಟನ್ ಕಟ್ಟಿ ಯಾರ್ರಿ, ಕ್ಯಾಪ್ಟನ್ ಕಟ್ಟಿ?”

ಮಾಬೂಬಿ ಸೆರಗು ಸರಿಮಾಡಿಕೊಂಡು ಎದ್ದು ನಿಂತಳು. ಆಕೆಯ ಟಿಕೆಟ್ಟು ಮುಂದಿನ ಸ್ಟಾಪಿನದು. ಹಿಂದೆಯೇ ನಾನೂ ಇಳಿದೆ. ಕಟ್ಟೆ ತುಂಬಿತ್ತು. ಕೂಸನ್ನು ಮಲಗಿಸಿಕೊಂಡು ಕುಳಿತಿದ್ದ ಹೆಣ್ಣುಮಗಳೊಬ್ಬಳು, ಈಕೆ ಯಾರೆಂದು ತಿಳಿಯದೆ, ಬರ್ರೀ ಅಮ್ಮಾ ಎಂದು ಸರಿದು ಜಾಗ ಕೊಟ್ಟಳು. ಮಾಬೂಬಿ ಕುಳಿತಳು. ಸ್ವಲ್ಪ ಹೊತ್ತಾದ ಮೇಲೆ ಕೈಯನ್ನು ಮೆಲ್ಲಗೆ ಚಪ್ಪಡಿಯ ಕೆಳಗೆ ಇಳಿಸಿ, ಒಂದೊಂದೇ ಅಕ್ಷರವನ್ನು ಬೆರಳಿನಿಂದ ಸವರಿದಳು.

“ಐತ್ರಿ ಮಾಸ್ತರ್ರ,” ಎಂದಳು. “ಇಲ್ಲೇ ಐತಿ.”

ನನಗೆ ಅಲ್ಲಿ ಕೂಡಲು ಜಾಗವಿರಲಿಲ್ಲ. ಹುಡುಕಲೂ ಇಲ್ಲ. ಮೊಣಕಾಲು ಏನಾದರೂ ಹೇಳಿಕೊಳ್ಳಲಿ ಎಂದು ಬಿಸಿಲಿನಲ್ಲಿ ನಿಂತೇ ಇದ್ದೆ.